ಕರಿಮಂಜಿನ ಬುಟ್ಟಿ

ಟಾರ್ಬೆಟ್ ಧಣಿಗಳ ಮನೆಯಲ್ಲಿ ನನ್ನ ಅಜ್ಜಿ ಬೆನೆಬಾಳಿಗೆ ಹತ್ತಾರು ಕೆಲಸ. ಅಡುಗೆ ಅವಳದು, ಕೋಳಿಗೂಡು ಅವಳದು, ಧಣಿಯ ಮಕ್ಕಳಿಗೆ ಹಾಲೂಡಿಸಿದವಳೂ ಅವಳೇ. ಆದರೆ ಸುತ್ತಿನ ಹತ್ತು ಜಮೀನುಗಳಲ್ಲಿ ಅವಳ ಹೆಸರು ಗೊತ್ತಿದ್ದುದು ವರ್ಷಕ್ಕೊಮ್ಮೆ ಮಾಡುವ ಬೇರೊಂದು ಕೆಲಸದಿಂದ. ಕರಿಮಂಜು ಬಿತ್ತು ಎಂದು ಧಣಿಗಳಿಗೆ ತಿಳಿಸುವವಳು ಅವಳು.

ಕರೊಲಿನಾದ ನಮ್ಮ ನದೀಮುಖದಲ್ಲೆಲ್ಲ ಭತ್ತದ ಗದ್ದೆಗಳು. ಮೇ ತಿಂಗಳು ಕಾಲಿಟ್ಟ ಕೂಡಲೇ ಬಿಳಿಯರು ಗಂಟುಮೂಟೆ ಕಟ್ಟಿ ಹನ್ನೆರಡು ಮೈಲಿ ಆಚೆಯ ಪೈನ್ ದಿಬ್ಬಕ್ಕೆ ಹೋಗಿಬಿಡುತ್ತಿದ್ದರು. ನೀರು ನಿಂತ ಗದ್ದೆಯ ಗಾಳಿಯಲ್ಲಿ ಜ್ವರ ಇರುತ್ತದೆ, ಹೊತ್ತು ಮುಳುಗಿದ ಮೇಲೆ ಅದನ್ನು ಉಸಿರಾಡಿದ ಬಿಳಿಯ ಉಳಿಯುವುದಿಲ್ಲ ಎಂದು ಅವರ ನಂಬಿಕೆ. ಶರತ್ಕಾಲ ಮುಗಿಯುವಾಗ ಗೆಣಸಿನ ಬಳ್ಳಿ ಸುಟ್ಟು ಕಪ್ಪಾಗುವಂಥ ಮಂಜು ಒಂದು ದಿನ ಬೀಳುತ್ತದೆ; ಅದು ಬಿದ್ದರೆ ಜ್ವರ ಸತ್ತಿತು ಎಂದು ಲೆಕ್ಕ. ಅಲ್ಲಿಯವರೆಗೆ ಮೇಸ್ತ್ರಿ ಕೂಡ ಬೆಳಗ್ಗೆ ಬಂದು, ನಮ್ಮ ಬೆನ್ನಿನ ಮೇಲೆ ತನ್ನ ಕೆಲಸ ಮುಗಿಸಿ, ಸಂಜೆಗೆ ಕುದುರೆ ಹತ್ತುತ್ತಿದ್ದ. ಅವರು ಕೊಂಡ ಕರಿಯ ಆಳುಗಳು ನಾವು ಮಾತ್ರ ಅಲ್ಲೇ. ನಮ್ಮ ಮೈಗೆ ಜ್ವರ ತಟ್ಟುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿದ್ದರು. ನಮ್ಮ ಕೂಸುಗಳೂ ಸಾಯುತ್ತಿದ್ದವು. ಮನೆಯವರ ಹುಟ್ಟು ಸಾವು ಬರೆದಿಡುವ ಅವರ ಬೈಬಲ್ಲಿನಲ್ಲಿ ನಮ್ಮವಕ್ಕೆ ಜಾಗ ಇರಲಿಲ್ಲ, ಅಷ್ಟೇ.

ಮಂಜು ಬಿದ್ದ ಬೆಳಗ್ಗೆ ಅಜ್ಜಿ ಹಿತ್ತಲಿಗೆ ಹೋಗಿ ಕಪ್ಪಾದ ಬಳ್ಳಿಯ ಒಂದು ತುಂಡು ಕಿತ್ತು ಹುಲ್ಲಿನ ಬುಟ್ಟಿಯಲ್ಲಿಟ್ಟು ಪೈನ್ ದಿಬ್ಬಕ್ಕೆ ಕಳಿಸುತ್ತಿದ್ದಳು. ಒಯ್ಯುವವನು ನನ್ನ ತಾತ ಕ್ವಾಶ್. ಗದ್ದೆಗಳ ತೂಬು ಕಾಯುವವನು ಅವನು. ಯಾವ ಹೊತ್ತಿಗೆ ಸಮುದ್ರ ಉಬ್ಬುತ್ತದೆ, ಯಾವಾಗ ಸಿಹಿನೀರು ಒಳಗೆ ಬಿಡಬೇಕು, ಯಾವಾಗ ಉಪ್ಪುನೀರಿಗೆ ಬಾಗಿಲು ಹಾಕಬೇಕು ಎಂಬುದು ಅವನ ಮೂಳೆಗೇ ಗೊತ್ತಿತ್ತು.

ಬುಟ್ಟಿಗಾಗಿ ಕಾಯುತ್ತಿದ್ದವಳು ಧಣಿಯ ಹೆಂಡತಿ ಸೆಲಿನಾ ಅಮ್ಮಾವ್ರು. ಒಂದು ವರ್ಷ ಬಳ್ಳಿ ಬರುವುದಕ್ಕೆ ಮೊದಲೇ ದಿಬ್ಬ ಬಿಟ್ಟುಬಂದು, ಜ್ವರ ಹತ್ತಿ, ಅವಳ ಇಬ್ಬರು ಗಂಡುಮಕ್ಕಳು ಒಂದೇ ವಾರದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಬಳ್ಳಿ ಕೈಗೆ ಬರದೆ ಆ ಮನೆಯಲ್ಲಿ ಯಾರೂ ಗದ್ದೆಯ ಕಡೆ ರಾತ್ರಿ ತಂಗುವಂತಿರಲಿಲ್ಲ. ಬಂದ ಬಳ್ಳಿಯನ್ನು ಅವಳು ಮನೆಯ ದೊಡ್ಡ ಬೈಬಲ್ಲಿನ ಹಾಳೆಗಳ ನಡುವೆ ಒತ್ತಿಟ್ಟು, ಪಕ್ಕದಲ್ಲಿ ಇಸವಿ ಬರೆಯುತ್ತಿದ್ದಳು. ಹೆಸರಿಗೆ ಮನೆಯ ಯಜಮಾನ ಕರ್ನಲ್ ಆಂಬ್ರೋಸ್ ಟಾರ್ಬೆಟ್. ಆದರೆ ಅಕ್ಟೋಬರಿನಲ್ಲಿ ಅವನೂ ಆ ಒಣ ಬಳ್ಳಿಯ ಆಳು.

ಕರ್ನಲ್ ಧಣಿ ರಾಜ್ಯದ ಶಾಸನಸಭೆಯಲ್ಲಿದ್ದ. ಮಾತು ಎಂದರೆ ಅವನದು. ನೂರಾ ಎಪ್ಪತ್ತು ಜನರನ್ನು ದನಗಳ ಹಾಗೆ ಇಟ್ಟುಕೊಂಡು, 'ನನ್ನ ಜನ, ನನ್ನ ಕುಟುಂಬ' ಎಂದು ಭಾಷಣ ಮಾಡುವಾಗ ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಿದ್ದನಂತೆ. ಆ ನೀರು ನಿಜವೇ ಇರಬಹುದು. ಅದೇ ನನಗೆ ಹೆಚ್ಚು ಹೇಸಿಗೆ.

ಸಾವಿರದ ಎಂಟುನೂರ ಐವತ್ತಾರರ ಚುನಾವಣೆಯಲ್ಲಿ ಅವನಿಗೆ ಎದುರಾಗಿ ಮರ ಕೊಯ್ಯುವ ಕಾರ್ಖಾನೆಯ ಸ್ಟೋಕ್ಸ್ ಎಂಬುವನು ನಿಂತ. ನದಿಯ ದಂಡೆಯಲ್ಲಿ ಬಡ ಬಿಳಿಯರಿದ್ದರಲ್ಲ, ವರ್ಷವಿಡೀ ಅಲ್ಲೇ ಇದ್ದು ಜ್ವರ ತಿನ್ನುವವರು, ಓಟು ಅವರದು. ಸ್ಟೋಕ್ಸ್ ಅವರ ನಡುವೆ ನಿಂತು, "ಟಾರ್ಬೆಟ್‌ಗೆ ನಿಮ್ಮ ಓಟು ಬೇಕು, ನಿಮ್ಮ ಗಾಳಿ ಬೇಡ. ತನ್ನ ನೆಲದಲ್ಲಿ ಒಂದು ರಾತ್ರಿ ಮಲಗೋಕೆ ಗಂಡಸುತನ ಇಲ್ಲ ಅವನಿಗೆ" ಎಂದು ಆಡಿಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ನಗು ಧಣಿಯ ಕಿವಿಗೆ ಬಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಓಟಿಗೆ ಐದು ದಿನ ಇರುವಾಗ, ಬುಧವಾರ ನಡುಮಧ್ಯಾಹ್ನ, ಕರ್ನಲ್ ಒಬ್ಬನೇ ಕುದುರೆಯೇರಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಧಣಿಗಳು ಅಡುಗೆಮನೆಗೆ ಬರುವವರಲ್ಲ. ಅಜ್ಜಿ ಸೌಟು ಕೆಳಗಿಟ್ಟಳು. ಹದಿನೈದು ವರ್ಷದ ನನ್ನ ಅಮ್ಮ ಟೆನಾ ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಇದನ್ನೆಲ್ಲ ನನಗೆ ಹೇಳಿದವಳು ಅವಳೇ.

"ಬೆನೆಬಾ, ಮಂಜು ಯಾವಾಗ ಬೀಳ್ತದೆ?"

"ಇನ್ನೂ ಸೊಳ್ಳೆ ಕುಣೀತಾವೆ ಬುದ್ಧೀ. ಮೂರು ವಾರನಾರ ಬೇಕು."

"ನಂಗೆ ಶನಿವಾರಕ್ಕೆ ಬೇಕು."

"ಮಂಜು ನನ್ನ ಉಗ್ರಾಣದಾಗಿಲ್ಲ ಬುದ್ಧೀ. ದ್ಯಾವ್ರನ್ನ ಕೇಳಿ."

ಧಣಿ ನಕ್ಕ. "ನಿಮ್ಮ ಅಮ್ಮಾವ್ರಿಗೆ ದೇವ್ರಿಗಿಂತ ನಿನ್ನ ಬುಟ್ಟಿ ಮೇಲೆ ನಂಬಿಕೆ. ಶನಿವಾರ ಬೆಳಗ್ಗೆ ಬುಟ್ಟಿ ಬರಬೇಕು. ಬಳ್ಳಿ ಕಪ್ಪಾಗಿರಬೇಕು. ಹೇಗೆ ಕಪ್ಪು ಮಾಡ್ತೀಯೋ ನಾನು ಕೇಳಲ್ಲ. ನಾನೊಬ್ನೇ ಬಂದು ಮೂರು ರಾತ್ರಿ ಇಲ್ಲಿರ್ತೀನಿ. ಜನ ನೋಡಬೇಕು, ಅಷ್ಟೇ."

ಅಜ್ಜಿ ಸೌಟು ಮತ್ತೆ ಕೈಗೆತ್ತಿಕೊಂಡಳು. ಧಣಿ ಕೋಟಿನ ಒಳಗಿನಿಂದ ಒಂದು ಕಾಗದ ತೆಗೆದ. ಅವನ ಹಿರಿಯ ಮಗ ರೂಫಸ್ ಟೆಕ್ಸಾಸಿನಲ್ಲಿ ಹೊಸ ಹತ್ತಿ ಜಮೀನು ಹಿಡಿದಿದ್ದ, ನವೆಂಬರಿನಲ್ಲಿ ಇಪ್ಪತ್ತು ಜನರನ್ನು ನಡೆಸಿಕೊಂಡು ಹೋಗುವವನಿದ್ದ. ಯಾರು ಯಾರು ಎಂಬುದು ನಮ್ಮ ಗುಡಿಸಲುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಬೇಸಿಗೆ ಯಾರೂ ನೆಟ್ಟಗೆ ಉಂಡಿರಲಿಲ್ಲ.

"ಹನ್ನೊಂದನೇ ಹೆಸರು ಟೆನಾ" ಎಂದ ಧಣಿ. "ಶನಿವಾರ ಮಂಜು ಬಿದ್ರೆ ಆ ಹೆಸರು ಹೊಡೆದು ಹಾಕ್ತೀನಿ."

"ಈಗ್ಲೇ ಹೊಡೀರಿ ಬುದ್ಧೀ. ನನ್ನ ಮುಂದೇನೇ."

"ನನ್ನ ಮಾತು ಸಾಲದಾ? ಇಡೀ ಜಿಲ್ಲೆ ನನ್ನ ಮಾತಿಗೆ ಓಟು ಹಾಕ್ತದೆ ಕಣೇ."

ಕಾಗದ ಮಡಚಿ ಕೋಟಿನೊಳಗೆ ಇಟ್ಟುಕೊಂಡು ಹೋದ. ಅಮ್ಮನ ಮಡಿಲಿನಿಂದ ಬಟಾಣಿಯೆಲ್ಲ ನೆಲಕ್ಕೆ ಚೆಲ್ಲಿತ್ತು.

ತಾತ ತೂಬಿನ ಕಟ್ಟೆಯ ಮೇಲಿದ್ದ. ಅಜ್ಜಿ ಅಲ್ಲಿಗೇ ಓಡಿಹೋಗಿ ಎಲ್ಲ ಹೇಳಿದಳು.

"ಅವ್ನು ಸತ್ರೆ?" ಎಂದ ತಾತ. "ಧಣಿ ಸತ್ತ ಮನೇಲಿ ಆಳುಗಳನ್ನ ಕೋಳಿಮರಿ ಹಂಚ್ದಂಗೆ ಹಂಚ್ತಾರೆ. ಟೆನಾ ಒಬ್ಳೇ ಅಲ್ಲ, ನೀನೊಂದು ದಿಕ್ಕು, ನಾನೊಂದು ದಿಕ್ಕು."

"ಕಳಿಸ್ದೆ ಇದ್ರೆ ಮಗಳು ಹೋಗದು ಖಂಡಿತ. ಕಳಿಸಿದ್ರೆ ಅವ್ನು ಸಾಯದು ಖಂಡಿತ ಏನಲ್ಲ."

"ಮಾತು ಉಳಿಸ್ಕತ್ತಾನೆ ಅಂತ ನಂಬ್ತೀಯಾ?"

"ನಂಬ್ದೆ ಇನ್ನೇನ್ ಮಾಡ್ಲಿ, ಹೇಳು ನೀನೇ!"

ತಾತ ನೀರು ನೋಡುತ್ತ ನಿಂತ. ಅತ್ತ ದರಿ, ಇತ್ತ ಪುಲಿ.

ಮರುದಿನ ಮೇಸ್ತ್ರಿ ಬಂದು ದೊಡ್ಡಮನೆಯ ಹಿತ್ತಲಿನ ಗೆಣಸಿನ ಪಾತಿಯನ್ನೆಲ್ಲ ಅಗೆಸಿಬಿಟ್ಟ. ಹಸಿರು ಬಳ್ಳಿ ಒಂದೂ ಕಾಣಬಾರದೆಂದು ಧಣಿಯ ಅಪ್ಪಣೆ. ಭಾಷಣಗಾರನಾದರೂ ಸಣ್ಣ ಸಣ್ಣ ವಿಷಯ ಮರೆಯುವವನಲ್ಲ ಅವನು.

ಶುಕ್ರವಾರ ಮಧ್ಯಾಹ್ನ ಅಜ್ಜಿ ನಮ್ಮ ಗುಡಿಸಲಿನ ಹಿಂದಿನ ಪಾತಿಯಿಂದ ಒಂದು ಬಳ್ಳಿ ತಂದಳು. ಒಲೆಯ ಮೇಲೆ ನೀರು ಮರಳುತ್ತಿತ್ತು. ಬಳ್ಳಿಯನ್ನು ಎತ್ತಿ ಹಿಡಿದು ಒಂದು ಗಳಿಗೆ ನಿಂತಳು. ಏನು ಯೋಚಿಸಿದಳೋ. ಅಷ್ಟರಲ್ಲಿ ಅವಳ ಇನ್ನೊಂದು ಕೈ ತಾನಾಗಿ ಗಡಿಗೆಗೆ ಹೋಗಿ ಒಂದು ಹಿಡಿ ಉಪ್ಪು ತೆಗೆದು ನೀರಿಗೆ ಹಾಕಿತು.

"ಅವ್ವಾ, ಉಪ್ಪು ಯಾಕೆ?" ಎಂದಳು ಅಮ್ಮ.

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು. ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ಮರಳುವ ನೀರಿಗೆ ಉಪ್ಪು ಹಾಕಿದ ಕೈ. ಆ ವಾರದಲ್ಲಿ ಮೊದಲ ಸಲ ನಕ್ಕಳು. "ಹಾಳಾದ್ ಕೈ. ಇದಕ್ಕೆ ಕಣ್ಣಿಲ್ಲ ಕಣವ್ವಾ. ಹೋಗ್ಲಿ ಬುಡು, ಅಮ್ಮಾವ್ರೇನು ಪಲ್ಯ ಮಾಡ್ಕಂಡು ತಿಂತಾರಾ?"

ಬಳ್ಳಿ ಕುದಿನೀರಿನಲ್ಲಿ ಮುಳುಗಿ ಎದ್ದಿತು. ಎಲೆಗಳು ಮುದುಡಿ, ಬಣ್ಣಗೆಟ್ಟು, ಬಿಸಿಲಿನಲ್ಲಿಟ್ಟಾಗ ಕಪ್ಪಾದವು. ಯಾರು ನೋಡಿದರೂ ಮಂಜು ಹೊಡೆದ ಬಳ್ಳಿಯೇ. ತಾತ ಬುಟ್ಟಿ ತೆಗೆದುಕೊಂಡು ಶನಿವಾರ ನಸುಕಿನಲ್ಲಿ ದೋಣಿ ಬಿಟ್ಟ.

ಸಂಜೆ ನಾಲ್ಕರ ಹೊತ್ತಿಗೆ ಧಣಿಯ ದೋಣಿ ತಿರುವಿನಲ್ಲಿ ಕಾಣಿಸಿತು. ಅಜ್ಜಿ ಕಟ್ಟೆಯ ಮೇಲೆ ನಿಂತಿದ್ದಳು. ದೋಣಿ ಒಂದಲ್ಲ, ಮೂರು. ಮೊದಲನೆಯದರಲ್ಲಿ ಧಣಿ, ಪಕ್ಕದಲ್ಲಿ ಅಮ್ಮಾವ್ರು. ಹಿಂದಿನ ಎರಡರಲ್ಲಿ ಪೆಟ್ಟಿಗೆಗಳು, ಹಾಸಿಗೆಗಳು, ಗಡಿಯಾರ. ಅಮ್ಮಾವ್ರ ಮಡಿಲಲ್ಲಿ ಎದ್ದುನಿಂತು ಎರಡೂ ಕೈ ಬೀಸುತ್ತಿದ್ದವಳು ಏಳು ವರ್ಷದ ಲವೀನಿಯಾ, ಅಜ್ಜಿ ಹಾಲೂಡಿಸಿದ ಕೊನೆಯ ಕೂಸು, ಅಜ್ಜಿಯನ್ನು 'ಮೌಮಾ' ಎಂದು ತಾಯಿಯಂತೆ ಕರೆಯುವವಳು.

"ಮೌಮಾ! ಮೌಮಾ! ನಿನ್ನ ಬಳ್ಳಿ ಬಂತು, ನಾವೂ ಬಂದ್ವಿ!"

ಯಾರಿಗೂ ಇದು ಹೊಳೆದಿರಲಿಲ್ಲ. ಬಳ್ಳಿ ಬಂತು ಎಂದರೆ ಜ್ವರ ಸತ್ತಿತು. ಜ್ವರ ಸತ್ತ ಮೇಲೆ ಅಮ್ಮಾವ್ರು ಪೈನ್ ದಿಬ್ಬದಲ್ಲಿ ಏಕೆ ಕೂತಿರುತ್ತಾಳೆ? ಗಂಡನೊಬ್ಬನೇ ಬರಲಿ, ಉಳಿದವರು ಅಲ್ಲೇ ಇರಲಿ ಎಂದು ಬೇರೆ ಬೇರೆ ಹೇಳುವುದಕ್ಕೆ ಆ ಬುಟ್ಟಿಗೆ ಬರುತ್ತಿರಲಿಲ್ಲ. ಅಜ್ಜಿ ಧಣಿಯ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿ, ದಂಡೆಯಲ್ಲಿ ನೆರೆದ ಬಿಳಿಯರಿಗೆ ಟೋಪಿ ಎತ್ತಿದ.

ಆಗ ಒಂದು ಮಾತು ಸಾಕಿತ್ತು. 'ಅಮ್ಮಾವ್ರೇ, ದೋಣಿ ತಿರುಗಿಸಿ' ಎಂದಿದ್ದರೆ ಮುಗಿಯುತ್ತಿತ್ತು. ಅಜ್ಜಿಯ ಹಿಂದೆಯೇ ಅಮ್ಮ ನಿಂತಿದ್ದಳು, ಹನ್ನೊಂದನೆಯ ಹೆಸರು. ಅಜ್ಜಿ ಬಾಯಿ ಮುಚ್ಚಿಕೊಂಡು ಕೂಸನ್ನು ಎತ್ತಿ ಇಳಿಸಿಕೊಂಡಳು. ಅವಳು ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಸರಿ ಎನ್ನಲೂ ಇಷ್ಟು ವರ್ಷವಾದರೂ ನನ್ನ ನಾಲಿಗೆ ಏಳುವುದಿಲ್ಲ.

ದೊಡ್ಡಮನೆಯ ಕಿಟಕಿಗಳನ್ನೆಲ್ಲ ಅವಳು ಹೊತ್ತಿಗೆ ಮುಂಚೆಯೇ ಮುಚ್ಚಿಸಿದಳು. ಕೋಣೆಕೋಣೆಗೂ ಹೊಗೆ ಹಾಕಿದಳು. ಕೂಸಿಗೆ ಕಹಿ ತೊಗಟೆಯ ಕಷಾಯ ಕುಡಿಸಲು ಹೋದಾಗ ಅಮ್ಮಾವ್ರು ನಕ್ಕಳು. "ಮಂಜು ಬಿದ್ದ ಮೇಲೂ ಏನೇ ನಿನ್ನ ಭಯ?"

"ಮೌಮಾ, ಸೊಳ್ಳೆ ಯಾಕೆ ಇನ್ನೂ ಇದಾವೆ?" ಎಂದು ಲವೀನಿಯಾ ಮೊಣಕೈ ಕೆರೆದುಕೊಂಡಳು. "ಅವಕ್ಕೆ ಮಂಜು ಬಿದ್ದಿದ್ದು ಗೊತ್ತಾಗ್ಲಿಲ್ವಾ?"

"ಇಲ್ಲ ಕಂದಾ. ಅವು ದಡ್ಡವು."

ಭಾನುವಾರ ಪ್ರಾರ್ಥನೆಯಾದ ಮೇಲೆ ಅಜ್ಜಿ ಧಣಿಯನ್ನು ಜಗಲಿಯಲ್ಲಿ ಒಬ್ಬನೇ ಇರುವಾಗ ಹಿಡಿದಳು. "ಬುದ್ಧೀ, ನಿಮ್ಮ ಕಾಲಿಗೆ ಬೀಳ್ತೀನಿ. ಕೂಸನ್ನ ದಿಬ್ಬಕ್ಕೆ ಕಳಿಸಿ."

"ಕಳಿಸಿದ್ರೆ ನಿಮ್ಮ ಅಮ್ಮಾವ್ರು ಯಾಕೆ ಅಂತಾಳೆ. ಏನು ಹೇಳ್ಲಿ? ಒಂದು ರಾತ್ರಿ ಆಗೇ ಹೋಯ್ತು. ನಾಳೆ ಓಟು ಮುಗೀಲಿ, ಏನಾದ್ರೂ ನೆಪ ಹೇಳ್ತೀನಿ."

"ಟೆನಾ ಹೆಸ್ರು?"

"ಎಷ್ಟು ಸಲ ಕೇಳ್ತೀಯೇ?" ಎಂದು ಒಳಗೆ ಹೋದ.

ಸೋಮವಾರ ದಂಡೆಯಲ್ಲಿ ಗುಂಡಿ ತೋಡಿ ಹಂದಿಗಳನ್ನು ಸುಟ್ಟು ಓಟಿನವರಿಗೆ ಬಡಿಸಿದರು. ಧಣಿ ಬಡ ಬಿಳಿಯರ ಹೆಗಲ ಮೇಲೆ ಕೈಹಾಕಿ, ನಾನೂ ನಿಮ್ಮ ಗಾಳಿಯನ್ನೇ ಉಸಿರಾಡುವವನು ಎಂದ. ಗೆದ್ದ. ಗೆದ್ದ ಸಂಭ್ರಮಕ್ಕೆ ಜಿಲ್ಲೆಯ ಊರಿಗೆ ಹೋದವನು ವಾರದ ಮೇಲೆ ಬಂದ. ನೆಪ ಹೇಳುವುದು ಮರೆತೇ ಹೋಗಿತ್ತು. ಅಷ್ಟರಲ್ಲಿ ಅಮ್ಮಾವ್ರು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಪರದೆ ಕಟ್ಟಿಸಿದ್ದಳು.

ಹನ್ನೊಂದನೆಯ ದಿನ ಲವೀನಿಯಾಗೆ ಚಳಿ ಹತ್ತಿತು. ನಾಲ್ಕು ದಿನ ಅಜ್ಜಿ ಆ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಅಮ್ಮ ಬೀಸಣಿಗೆ ಬೀಸುತ್ತಿದ್ದಳು. ಕೂಸು ಜ್ವರದ ಗುಂಗಿನಲ್ಲಿ ಅಮ್ಮಾವ್ರನ್ನು ಕರೆಯದೆ, "ಮೌಮಾ, ಮೌಮಾ" ಎಂದು ಅಜ್ಜಿಯನ್ನೇ ಕರೆಯುತ್ತಿತ್ತು. ಐದನೆಯ ದಿನ ಬೆಳಗ್ಗೆ ಕರೆಯುವುದು ನಿಂತಿತು. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ಮಣ್ಣು ಮಾಡಿ ಬಂದ ಮರುದಿನ ಅಮ್ಮಾವ್ರು ಮಗುವಿನ ಹೆಸರಿನ ಮುಂದೆ ಸಾವಿನ ತಾರೀಖು ಬರೆಯಲು ಬೈಬಲ್ ತೆರೆದಳು. ಆ ವರ್ಷದ ಬಳ್ಳಿ ಇಟ್ಟ ಹಾಳೆಗಳು ಒದ್ದೆಯಾದಂತೆ ಅಂಟಿಕೊಂಡಿದ್ದವು. ಬಳ್ಳಿಯ ಸುತ್ತ ಬಿಳಿಯ ಪುಡಿ. ಅಮ್ಮಾವ್ರು ಬೆರಳಿನಿಂದ ಅದನ್ನು ಒರೆಸಿದಳು. ಹಾಳೆ ತಿರುವಲು ಎಂದಿನಂತೆ ಅದೇ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಅಲ್ಲೇ ನಿಂತಳು.

ಊಟದ ಕೋಣೆಗೆ ಅಜ್ಜಿಯನ್ನು ಕರೆಸಿದರು. ಧಣಿ ಮೇಜಿನ ತುದಿಯಲ್ಲಿದ್ದ, ರೂಫಸ್ ಪಕ್ಕದಲ್ಲಿ. ಅಮ್ಮ ಬೀಸಣಿಗೆ ಹಿಡಿದು ಗೋಡೆಗೆ ಒರಗಿದ್ದಳು.

"ಬಾಯಿ ತೆಗಿ" ಎಂದು ಅಮ್ಮಾವ್ರು ಬಳ್ಳಿಯ ಒಂದು ಎಲೆಯನ್ನು ಅಜ್ಜಿಯ ನಾಲಿಗೆಯ ಮೇಲಿಟ್ಟಳು. "ಏನು ರುಚಿ?"

"ಉಪ್ಪು, ಅಮ್ಮಾವ್ರೇ."

"ಆಕಾಶದಿಂದ ಉಪ್ಪು ಬೀಳ್ತದಾ ಬೆನೆಬಾ?"

ಅಜ್ಜಿ ಧಣಿಯ ಕಡೆ ನೋಡಿದಳು. ಅಮ್ಮಾವ್ರೂ ತಿರುಗಿದಳು. "ಆಂಬ್ರೋಸ್, ನಿಮಗೆ ಇದು ಗೊತ್ತಿತ್ತಾ?"

ಇಡೀ ಜಿಲ್ಲೆಯನ್ನು ಮಾತಿನಲ್ಲೇ ಕಟ್ಟಿಹಾಕುವ ಮನುಷ್ಯ ಕಿಟಕಿಯ ಕಡೆ ನೋಡಿದ. "ಈ ಜನರನ್ನ ನಂಬಿದ್ದು ನನ್ನದೇ ತಪ್ಪು, ಸೆಲಿನಾ" ಎಂದ.

ಅಜ್ಜಿ ಅಮ್ಮಾವ್ರ ಕಾಲು ಹಿಡಿದು ಎಲ್ಲ ಹೇಳಿದಳು. ಬುಧವಾರ, ಬಾಗಿಲು, ಕಾಗದ, ಹನ್ನೊಂದನೆಯ ಹೆಸರು. ರೂಫಸ್ ಎದ್ದು ಚಾವಟಿಗೆ ಕೈ ಹಾಕಿದ. ಅಮ್ಮಾವ್ರು ಅವನನ್ನು ಕೂರಿಸಿದಳು.

"ಮೂವತ್ತು ವರ್ಷ ಈ ಮನುಷ್ಯನ ಮಾತು ಕೇಳಿದೀನಿ. ಯಾವಾಗ ಸುಳ್ಳು ಹೇಳ್ತಾರೆ ಅಂತ ನಂಗೆ ಗೊತ್ತು. ನೀನು ಹೇಳ್ತಿರೋದು ನಿಜ, ಬೆನೆಬಾ." ಅವಳ ದನಿ ಏರಲಿಲ್ಲ. "ಆದ್ರೆ ದೋಣಿ ಬಂದಾಗ ದಡದಲ್ಲಿ ನಿಂತಿದ್ದವಳು ನೀನು. ನನ್ನ ಮಗಳನ್ನ ಕೈಯಾರೆ ಇಳಿಸ್ಕೊಂಡವಳು ನೀನು."

"ನಂದೂ ಮಗಳೇ ಅಮ್ಮಾವ್ರೇ."

"ಹೌದು. ಅದಕ್ಕೇ ನನ್ನ ಗಂಡ ಕೊಟ್ಟ ಮಾತು ನಾನು ಉಳಿಸ್ತೀನಿ. ರೂಫಸ್, ಹನ್ನೊಂದನೇ ಹೆಸರು ಹೊಡಿ. ಅಲ್ಲಿ ಬೆನೆಬಾ ಅಂತ ಬರಿ."

"ಅಮ್ಮಾ, ಈ ಮುದುಕಿ ಟೆಕ್ಸಾಸಿನಲ್ಲಿ ಯಾವ ಕೆಲಸಕ್ಕೆ?"

"ಅಡುಗೆಗೆ. ಉಪ್ಪು ಹಾಕೋದು ಮರೆಯಲ್ಲ ಅವಳು."

ಧಣಿ ಎದ್ದು ಜಗಲಿಗೆ ಹೋದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮಲ್ಲಿ ತಿಂದವರು ಒಬ್ಬರು, ಕುಡಿದವರು ಇನ್ನೊಬ್ಬರು. ಆ ಡಿಸೆಂಬರಿನಲ್ಲಿ ಅವನು ರಾಜಧಾನಿಗೆ ಹೋಗಿ, ನಮ್ಮ ಜನ ತಮ್ಮ ಧಣಿಗಳ ಆರೋಗ್ಯವನ್ನು ತಾಯಿಯಂತೆ ಕಾಯುತ್ತಾರೆ ಎಂದು ಒಂದು ಗಂಟೆ ಮಾತಾಡಿದನಂತೆ. ಹಾಳಾಗಿ ಹೋಗಲಿ.

ನವೆಂಬರಿನ ಮೂರನೆಯ ವಾರ ಇಪ್ಪತ್ತು ಜನ ಹೊರಟರು. ಅದಕ್ಕೆ ನಾಲ್ಕು ದಿನ ಮೊದಲು ಕರಿಮಂಜು ನಿಜವಾಗಿ ಬಿದ್ದು ಗುಡಿಸಲುಗಳ ಹಿಂದಿನ ಬಳ್ಳಿಗಳೆಲ್ಲ ಸುಟ್ಟಿದ್ದವು. ಯಾರೂ ಬುಟ್ಟಿ ಕೇಳಲಿಲ್ಲ. ತೂಬು ಕಾಯುವವನನ್ನು ಯಾವ ಧಣಿಯೂ ಬಿಟ್ಟುಕೊಡುವುದಿಲ್ಲ, ಹಾಗಾಗಿ ತಾತ ಉಳಿದ. ಅಜ್ಜಿ ಬಂಡಿಯ ಹಿಂದೆ ನಡೆಯುತ್ತ ಅಮ್ಮನಿಗೆ ಕೂಗಿ ಹೇಳಿದ್ದು ಎರಡೇ ಮಾತು. "ನಿಮ್ಮಪ್ಪಂಗೆ ಮೆಣಸು ಕಮ್ಮಿ ಹಾಕವ್ವಾ. ಅಳಬ್ಯಾಡ, ನೋಡ್ತಾ ಅವ್ರೆ." ತಾತ ಅಂದು ಸಂಜೆ ತೂಬಿನ ಕಟ್ಟೆಯ ಮೇಲೆ ಕೂತವನು ಉಬ್ಬರ ಬಂದು ಉಪ್ಪುನೀರು ಕಾಲು ಮುಟ್ಟುವವರೆಗೂ ಏಳಲಿಲ್ಲ. ಆಮೇಲೆ ಎದ್ದು ಬಾಗಿಲು ಹಾಕಿದ.

ಮುಂದಿನ ಮೇ ತಿಂಗಳಿನಲ್ಲಿ ದಿಬ್ಬಕ್ಕೆ ಹೊರಡುವ ಮುಂಚೆ ಅಮ್ಮಾವ್ರು ಹುಲ್ಲಿನ ಬುಟ್ಟಿಯನ್ನು ನನ್ನ ಅಮ್ಮನ ಕೈಗೆ ಕೊಟ್ಟಳು. "ಇನ್ನು ಮೇಲೆ ನೀನು ಕಳಿಸು. ಪ್ರತಿ ಸಲ ನೆಕ್ಕಿ ನೋಡ್ತೀನಿ." ಯುದ್ಧ ಬರುವವರೆಗೂ ಅಮ್ಮ ಕಳಿಸಿದಳು, ಅವಳು ನೆಕ್ಕಿದಳು. ಹದಿನಾರು ತುಂಬಿದಾಗಿನಿಂದ ಅಮ್ಮ ಪ್ರತಿ ಶರತ್ಕಾಲದಲ್ಲೂ ಆ ಬುಟ್ಟಿ ಹಿಂದಿರುಗುವವರೆಗೆ ದಂಡೆಯಲ್ಲೇ ಕಾದು ಕೂತಿರುತ್ತಿದ್ದಳು.

ಯುದ್ಧ ಮುಗಿದು ಕರಿಯರಿಗೆಲ್ಲ ಬಿಡುಗಡೆಯಾದ ಮೇಲೆ ಅಮ್ಮ ಚರ್ಚಿನ ಪತ್ರಿಕೆಗಳಿಗೆ ವರ್ಷಕ್ಕೊಂದರಂತೆ ಬರೆಸಿದಳು: 'ತಾಯಿ ಬೆನೆಬಾ, ಟಾರ್ಬೆಟ್ ಮನೆಯ ಅಡುಗೆಯವಳು, ಐವತ್ತಾರರಲ್ಲಿ ಟೆಕ್ಸಾಸಿಗೆ ಹೋದವಳು, ಎಡಗೈಯಲ್ಲಿ ಸುಟ್ಟ ಕಲೆ, ಗೊತ್ತಿದ್ದವರು ತಿಳಿಸಿ.' ಪಾದ್ರಿಗಳು ಪೀಠದಿಂದ ಓದಿ ಹೇಳಿದರು. ಹತ್ತೊಂಬತ್ತು ವರ್ಷ ಬರೆಸಿದಳು. ಒಂದು ಉತ್ತರವೂ ಬರಲಿಲ್ಲ.

ನಮ್ಮ ಮನೆಯಲ್ಲಿ ಇವತ್ತಿಗೂ ಒಲೆಯ ಮೇಲಿನ ನೀರಿಗೆ ಉಪ್ಪು ಹಾಕುವುದಿಲ್ಲ. ಅನ್ನಕ್ಕಾಗಲಿ ಸೊಪ್ಪಿಗಾಗಲಿ, ಇಳಿಸಿದ ಮೇಲೆ ತಟ್ಟೆಯಲ್ಲಿ ಹಾಕಿಕೊಳ್ಳುತ್ತೇವೆ. ಬಂದ ನೆಂಟರು ಸಪ್ಪೆ ಎಂದು ಮುಖ ಸಿಂಡರಿಸುತ್ತಾರೆ. ಚಿಕ್ಕವಳಿದ್ದಾಗ ನೀರು ಮರಳಿದರೆ ಸಾಕು, ಯಾರೂ ಕಲಿಸದಿದ್ದರೂ ನನ್ನ ಕೈ ಉಪ್ಪಿನ ಗಡಿಗೆಗೆ ಹೋಗುತ್ತಿತ್ತು. ಅಮ್ಮ ಬೈಯುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು, "ಇದು ಅವ್ವನ ಕೈ" ಎಂದು ನೀರು ಕುದಿದು ತಣ್ಣಗಾಗುವವರೆಗೂ ಬಿಡದೆ ಹಿಡಿದುಕೊಂಡಿರುತ್ತಿದ್ದಳು.